ಲೋಹದ ಹಾಡಿಗೆ ಮರದ ದನಿ

ಸಂಗೀತದ ವಿಷಯದಲ್ಲಿ ನಮ್ಮ ಜನ ಎರಡು ಪಂಗಡವಾಗಿ ನಿಂತಿದ್ದಾರೆ. ಮೆಲ್ಲಗೆ ಹಾಡಿದ್ದೆಲ್ಲ ಸಂಗೀತ, ಜೋರಾಗಿ ಹಾಡಿದ್ದೆಲ್ಲ ಗದ್ದಲ ಎಂದು ಒಂದು ಪಂಗಡದ ನಂಬಿಕೆ. ಜೋರಿಲ್ಲದಿದ್ದರೆ ಹಾಡಿಗೆ ಜೀವವೇ ಇಲ್ಲ ಎಂದು ಇನ್ನೊಂದು ಪಂಗಡದ ವಾದ. ಮೊದಲನೆಯದರಲ್ಲಿ ಹಿರಿಯರು ಹೆಚ್ಚು. ಎರಡನೆಯದರಲ್ಲಿ ನಮ್ಮ ವಿದ್ಯಾರ್ಥಿನಿಲಯದ ನಿವಾಸಿಗಳು ಹೆಚ್ಚು. ಎರಡೂ ಪಕ್ಷದವರು ಒಬ್ಬರನ್ನೊಬ್ಬರು ಕಂಡು ಮುಖ ಸಿಂಡರಿಸುವುದುಂಟು. ಆದರೆ ಇಬ್ಬರೂ ಒಂದೇ ಮಾತನ್ನು ನಂಬಿದ್ದಾರೆ, ಆ ಮಾತೇ ಸರಿಯಲ್ಲ, ಎಂದು ಹೇಳುವುದು ಈ ಲೇಖನದ ಉದ್ದೇಶ.

ಸಂದರ್ಭವನ್ನು ಮೊದಲೇ ತಿಳಿಸಿಬಿಡುತ್ತೇನೆ. ಈ ವರ್ಷ ನಾವು ಮೂವರು ಸಹಪಾಠಿಗಳು ಸೇರಿ ‘ಬ್ಲ್ಯಾಕ್ ಸಬ್ಬತ್’ ತಂಡದ ‘ವಾರ್ ಪಿಗ್ಸ್’ ಎಂಬ ಹಾಡನ್ನು ಒಂದೇ ಒಂದು ಅಕೌಸ್ಟಿಕ್ ಗಿಟಾರಿನೊಡನೆ, ಅಂದರೆ ವಿದ್ಯುತ್ತಿನ ಸಂಬಂಧವಿಲ್ಲದ ಮರದ ಗಿಟಾರಿನೊಡನೆ, ಹಾಡಿ ಧ್ವನಿಮುದ್ರಣ ಮಾಡಿದೆವು. ನನ್ನ ಪಾಲಿಗೆ ಬಂದದ್ದು ಗಿಟಾರು. ಕಾಲೇಜಿನೊಳಗೆ ಅದನ್ನು ಕೇಳಿದವರಿಂದ ನಮಗೆ ಒಂದು ಹೊಗಳಿಕೆಯೂ ಒಂದು ಬೈಗುಳವೂ ದೊರೆತವು. “ಮೂಲದ್ದು ಬರಿಯ ಕಿರಿಚಾಟ, ನೀವು ಅದನ್ನು ಸಂಗೀತ ಮಾಡಿದಿರಿ” ಎಂಬುದು ಹೊಗಳಿಕೆ. “ಹುಲಿಯ ಉಗುರು ಕಿತ್ತು ಬೆಕ್ಕು ಮಾಡಿದಿರಿ” ಎಂಬುದು ಬೈಗುಳ. ಹೊಗಳಿಕೆಯನ್ನು ವಿನಯದಿಂದ ಹಿಂದಿರುಗಿಸುತ್ತಿದ್ದೇನೆ. ಬೈಗುಳವನ್ನೂ ಅಷ್ಟೇ ವಿನಯದಿಂದ ಹಿಂದಿರುಗಿಸುತ್ತಿದ್ದೇನೆ. ಏಕೆಂದರೆ ಹೆವಿ ಮೆಟಲ್ ಹಾಡಿನ ಭಾರ ಅದರ ಸದ್ದಿನಲ್ಲಿದೆ ಎಂದು ಇಬ್ಬರೂ ಭಾವಿಸಿದ್ದಾರೆ. ಒಬ್ಬರಿಗೆ ಭಾರ ಇಳಿದದ್ದು ಸಂತೋಷ, ಮತ್ತೊಬ್ಬರಿಗೆ ದುಃಖ. ಭಾರ ಇಳಿಯಲೇ ಇಲ್ಲ, ಇಳಿಯಕೂಡದು, ಎಂಬುದು ನನ್ನ ಅಭಿಪ್ರಾಯ.

ಈ ಹಾಡನ್ನು ಕೇಳದವರಿಗಾಗಿ ಅದರ ಪರಿಚಯವನ್ನು ಹೇಳಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಅದರ ಮೇಲೆ ಬಾಂಬುಗಳನ್ನು ಸುರಿಸಿದ್ದವು. ಆ ಊರಿನ ಆಸ್ಟನ್ ಬಡಾವಣೆಯ ಸುತ್ತ ೧೯೪೮ ಮತ್ತು ೧೯೪೯ರಲ್ಲಿ ಹುಟ್ಟಿದ ನಾಲ್ವರು ಕಾರ್ಮಿಕ ಮನೆತನದ ಹುಡುಗರು—ಟೋನಿ ಅಯೋಮಿ, ಬಿಲ್ ವಾರ್ಡ್, ಆಜಿ ಆಸ್ಬರ್ನ್, ಗೀಜರ್ ಬಟ್ಲರ್—ಕಟ್ಟಿದ ತಂಡವೇ ಬ್ಲ್ಯಾಕ್ ಸಬ್ಬತ್. ೧೯೭೦ರ ಸೆಪ್ಟೆಂಬರಿನಲ್ಲಿ ಹೊರಬಂದ ಅವರ ಎರಡನೆಯ ಆಲ್ಬಮ್ಮಿನ ಮೊದಲ ಹಾಡು ಇದು; ಸುಮಾರು ಎಂಟು ನಿಮಿಷದ್ದು. ಆಗ ವಿಯೆಟ್ನಾಮಿನಲ್ಲಿ ಯುದ್ಧ ನಡೆದಿತ್ತು. ಆಲ್ಬಮ್ಮಿಗೂ ‘ವಾರ್ ಪಿಗ್ಸ್’ ಎಂಬ ಹೆಸರನ್ನೇ ಇಡುವುದೆಂದಿತ್ತು. ಕಂಪನಿಯವರು ಅದನ್ನು ಬದಲಿಸಿ ‘ಪ್ಯಾರನಾಯ್ಡ್’ ಎಂದು ಹೆಸರಿಟ್ಟರು. ಹೆಸರು ಬದಲಾಯಿತು, ಮುಖಪುಟದ ಚಿತ್ರ ಬದಲಾಗಲಿಲ್ಲ. ಕತ್ತಿ ಗುರಾಣಿ ಹಿಡಿದ ಒಬ್ಬ ಯೋಧ ಇಂದಿಗೂ ಆ ಮುಖಪುಟದ ಮೇಲೆ ನಿಂತಿದ್ದಾನೆ. ‘ಪ್ಯಾರನಾಯ್ಡ್’ ಎಂಬ ಹೆಸರಿಗೂ ಅವನಿಗೂ ಏನು ಸಂಬಂಧವೆಂದು ಕೇಳಿದರೆ ಉತ್ತರವಿಲ್ಲ.

ಹಾಡಿನ ಅರ್ಥ ಸರಳ. ಯುದ್ಧವನ್ನು ಹೂಡುವ ದೊಡ್ಡವರು ಮನೆಯಲ್ಲಿ ಕುಳಿತಿರುತ್ತಾರೆ. ಸಾಯಲು ಹೋಗುವವರು ಬಡವರು. ಕೊನೆಗೆ ತೀರ್ಪಿನ ದಿನ ಬಂದಾಗ ಅದೇ ದೊಡ್ಡವರು ಮಂಡಿಯೂರಿ ತೆವಳುತ್ತಾ ಕ್ಷಮೆ ಬೇಡುತ್ತಾರೆ, ಸೈತಾನ ನಗುತ್ತಾನೆ. ಇದು ಶೋಕಗೀತೆಯಲ್ಲ, ಆರೋಪಪಟ್ಟಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ.

ಈಗ ಸದ್ದಿನ ವಿಚಾರ. ಈ ಹಾಡನ್ನು ಗದ್ದಲವೆನ್ನುವವರು ಅದರ ಚರಣಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಗಿಟಾರು ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಆಮೇಲೆ ಉಳಿಯುವುದು ಹೈ-ಹ್ಯಾಟ್ ಎಂಬ ಜೋಡಿ ತಾಳದ ಟಿಕ್ ಟಿಕ್ ಸದ್ದು ಮಾತ್ರ. ಅದರ ಮೇಲೆ ಒಂಟಿ ದನಿಯಲ್ಲಿ ಒಂದು ಸಾಲು. ಮತ್ತೆ ಎರಡು ಪೆಟ್ಟು, ಮತ್ತೆ ಬಯಲು, ಮತ್ತೊಂದು ಸಾಲು. ಹೆವಿ ಮೆಟಲ್ ಎಂಬ ಸಂಪ್ರದಾಯಕ್ಕೆ ಬುನಾದಿ ಹಾಕಿದ ಹಾಡುಗಳಲ್ಲಿ ಒಂದಾದ ಇದರ ಅತ್ಯಂತ ಭಾರವಾದ ಭಾಗ ಹೆಚ್ಚುಕಡಮೆ ಬರಿದಾಗಿದೆ! ನ್ಯಾಯಾಲಯದಲ್ಲಿ ಆರೋಪಗಳನ್ನು ಓದುವಾಗ ಮಿಕ್ಕವರೆಲ್ಲ ಸುಮ್ಮನಿರುವ ಹಾಗೆ ವಾದ್ಯಗಳು ಸುಮ್ಮನಿವೆ. ಭಾರವಿರುವುದು ಆ ಎರಡು ಪೆಟ್ಟಿಗೂ ಅವುಗಳ ನಡುವಣ ಮೌನಕ್ಕೂ ಇರುವ ಅಂತರದಲ್ಲಿ.

ಹಾಗೆಂದು ಜೋರಾದ ಸದ್ದು ಪಾಪವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಟಿ. ಚೌಡಯ್ಯನವರು ದೊಡ್ಡ ಸಭೆಯಲ್ಲಿ ಹಿಂದೆ ಕುಳಿತವರಿಗೂ ಕೇಳಿಸಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಅವರ ಸಂಗೀತ ಆ ಮೂರು ಹೆಚ್ಚಿನ ತಂತಿಗಳಲ್ಲಿತ್ತೆಂದು ಯಾರೂ ಹೇಳಲಾರರು. ಆ ತಂತಿಗಳು ಬೇಡವಾಗಿದ್ದವೆಂದೂ ಯಾರೂ ಹೇಳಲಾರರು. ಜೋರು ಒಂದು ಸಾಧನ. ಅದು ಯಾವ ಕೆಲಸ ಮಾಡುತ್ತದೆ ಎಂದು ಕೇಳುವುದು ವಿವೇಕ.

ಹೆವಿ ಮೆಟಲ್ಲಿನ ಗಿಟಾರು ಮಾಡುವ ಕೆಲಸವನ್ನು ನೋಡೋಣ. ಆಂಪ್ಲಿಫೈಯರಿಗೆ ಅದು ತಾಳಲಾರದಷ್ಟು ಸಂಕೇತವನ್ನು ಕೊಟ್ಟಾಗ ಧ್ವನಿತರಂಗದ ನೆತ್ತಿ ಕತ್ತರಿಸಿಹೋಗುತ್ತದೆ. ಆಗ ಮೂಲದಲ್ಲಿಲ್ಲದ ಅನೇಕ ಉಪಸ್ವರಗಳು ಹುಟ್ಟಿಕೊಂಡು ದನಿ ಒರಟಾಗುತ್ತದೆ. ಜೊತೆಗೆ, ಬೇಗ ಅಡಗಬೇಕಾದ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ಈ ಒರಟು ದನಿಯಲ್ಲಿ ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಮೀಟಿದರೆ ಸ್ವರಗಳು ಒಂದರೊಡನೊಂದು ಕಾದಾಡಿ ಕಲಸಿಹೋಗುತ್ತವೆ. ಅದಕ್ಕಾಗಿ ಗಿಟಾರುಗಾರರು ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಮೀಟುತ್ತಾರೆ. ಪವರ್ ಕಾರ್ಡ್ ಎಂದು ಅದಕ್ಕೆ ಹೆಸರು. ನಮ್ಮ ತಂಬೂರಿಯೂ ಸಾಮಾನ್ಯವಾಗಿ ಮೀಟುವುದು ಇವೆರಡು ಸ್ವರಗಳನ್ನೇ. ಮೆಟಲ್ ಹಾಡು ಕಿವಿಗೆ ಬೀಳುತ್ತಲೇ ಬಾಗಿಲು ಹಾಕಿಕೊಳ್ಳುವ ಹಿರಿಯರು, ಅದರ ಅಡಿಪಾಯ ತಮ್ಮ ದೇವರಮನೆಯ ಶ್ರುತಿಪೆಟ್ಟಿಗೆಗೂ ಅಪರಿಚಿತವಲ್ಲವೆಂಬುದನ್ನು ಗಮನಿಸಬೇಕು.

ಮರದ ಗಿಟಾರಿನಲ್ಲಿ ಈ ಅನುಕೂಲವಿಲ್ಲ. ಮೀಟಿದ ಕ್ಷಣ ಸ್ವರ ಏಳುತ್ತದೆ, ಕೂಡಲೇ ಕುಗ್ಗತೊಡಗುತ್ತದೆ. ತಂತಿಗಳು ದಪ್ಪ, ವಿದ್ಯುತ್ ಗಿಟಾರಿನಲ್ಲಿ ಬೆರಳಿನಿಂದ ತಂತಿಯನ್ನು ಸುಲಭವಾಗಿ ಎಳೆದು ಬಗ್ಗಿಸುವಂತೆ ಇಲ್ಲಿ ಬಗ್ಗಿಸಲಾಗದು. ಮೂಲವನ್ನು ಇದ್ದದ್ದು ಇದ್ದಂತೆ ನುಡಿಸಿದರೆ ತಗಡಿನ ಮೇಲೆ ಮಳೆ ಬಿದ್ದಂತಾಗುತ್ತದೆ. ಹಾಗಾದರೆ ಮಾಡುವುದೇನು? ಈ ಪ್ರಶ್ನೆಗೆ ಉತ್ತರವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಇದೇ ತಂಡದ ಗಿಟಾರುಗಾರನ ಜೀವನದಲ್ಲಿ ಅದು ಇದೆ.

ಟೋನಿ ಅಯೋಮಿ ಹದಿನೇಳು ವರ್ಷದ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡಬೇಕಾಗಿದ್ದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಅವನು ಎಡಚ, ತಂತಿಯನ್ನು ಒತ್ತುವ ಕೈಯೇ ಬಲಗೈ. ಇನ್ನು ಗಿಟಾರು ಮುಗಿಯಿತೆಂದು ಕುಳಿತಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ತಟ್ಟೆಯನ್ನು ತಂದುಕೊಟ್ಟ. ಅದು ಜ್ಯಾಂಗೋ ರೈನ್‌ಹಾರ್ಟನದು. ೧೯೨೮ರಲ್ಲಿ ತನ್ನ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ ಮೇಲೆಯೂ, ಉಳಿದ ಎರಡು ಬೆರಳುಗಳಿಂದ ಜಗತ್ತನ್ನು ಬೆರಗುಗೊಳಿಸಿದ ಕಲಾವಿದ ಅವನು. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ತೊಗಲು ಅಂಟಿಸಿದ, ಒತ್ತಲು ಹಗುರವಾಗಲೆಂದು ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ಗಿಟಾರಿಗೆ ಕಟ್ಟಿದ. ಮುಂದೆ ತಂತಿಗಳ ಬಿಗಿಯನ್ನೇ ಸಡಿಲಿಸಿ, ೧೯೭೧ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಕೆಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿಸಿದ. ಆ ತಗ್ಗಿದ ಶ್ರುತಿಯೇ ಮುಂದೆ ಸಾವಿರಾರು ತಂಡಗಳಿಗೆ ಲಕ್ಷಣವಾಯಿತು.

ಈ ಕಥೆಯಿಂದ ನಾನು ತಿಳಿದದ್ದು ಎರಡು. ಮೊದಲನೆಯದು: ಹೆವಿ ಮೆಟಲ್ಲಿನ ಭಾರ ಐಶ್ವರ್ಯದಿಂದ ಹುಟ್ಟಿದ್ದಲ್ಲ, ಕೊರತೆಯಿಂದ ಹುಟ್ಟಿದ್ದು. ಕೈಗೆ ಆಗದ್ದನ್ನು ಬಿಟ್ಟು, ಆಗುವುದನ್ನು ಪೂರ್ತಿಯಾಗಿ ಮಾಡಿದಾಗ ಬಂದದ್ದು. ಎರಡನೆಯದು: ಬೆರಳು ಕಳೆದುಕೊಂಡ ಹುಡುಗನನ್ನು ಮತ್ತೆ ಗಿಟಾರಿನ ಬಳಿಗೆ ಕರೆತಂದ ಜ್ಯಾಂಗೋ ಬಹುಮಟ್ಟಿಗೆ ನುಡಿಸುತ್ತಿದ್ದುದು ಮರದ ಗಿಟಾರನ್ನೇ. ಆದ್ದರಿಂದ ಈ ಹಾಡನ್ನು ಮರದ ಗಿಟಾರಿಗೆ ತಂದರೆ ಪರದೇಶಕ್ಕೆ ಕಳಿಸಿದಂತಲ್ಲ, ತವರಿಗೆ ಕರೆತಂದಂತೆ.

ಇದರಿಂದ ನಮಗೊಂದು ನಿಯಮ ಸಿಕ್ಕಿತು. ಮೂಲದ ಒಂದೊಂದು ಅಂಗವನ್ನೂ ಎದುರಿಗಿಟ್ಟುಕೊಂಡು “ನೀನು ಇಲ್ಲಿ ಏನು ಕೆಲಸ ಮಾಡುತ್ತಿದ್ದೀಯೆ?” ಎಂದು ಕೇಳುವುದು, ಆ ಕೆಲಸವನ್ನು ನಮ್ಮ ಕೈಲಿರುವುದರಿಂದ ಮಾಡುವುದು. ಮೂಲದ ಆರಂಭದಲ್ಲಿ ವಿಮಾನದಾಳಿಯ ಸೈರನ್ ಕೂಗುತ್ತದೆ. ಬಾಯಿಂದ ಅದನ್ನು ಕೂಗಿದರೆ ನಗೆಪಾಟಲು. ಕೇಡು ಬರುತ್ತಿದೆ ಎಂದು ಸೂಚಿಸುವುದು ಅದರ ಕೆಲಸ. ಆ ಕೆಲಸವನ್ನು ಗಿಟಾರಿನ ಅತಿ ಕೆಳಗಿನ ತಂತಿಗೆ ಒಪ್ಪಿಸಿ, ಅದನ್ನೊಂದನ್ನೇ ತಂಬೂರಿಯಂತೆ ನಿಧಾನವಾಗಿ ಮೀಟಿದೆ. ಚರಣಗಳಲ್ಲಿ ಹೈ-ಹ್ಯಾಟಿನ ಬದಲು ಒಬ್ಬ ಗೆಳೆಯ ಇನ್ನೊಂದು ಹಳೆಯ ಗಿಟಾರಿನ ಒಡಲನ್ನು ಉಗುರಿನಿಂದ ಬಡಿದ. ಕೊನೆಯಲ್ಲಿ ಮೂಲದ ಟೇಪು ವೇಗವಾಗಿ ಓಡಿ ಸ್ವರ ಮೇಲೇರಿ ನಿಲ್ಲುತ್ತದೆ. ಅದು ಟೇಪಿನ ಕೈಚಳಕವಾದ್ದರಿಂದ ಬಿಟ್ಟೆವು. ಆ ಎರಡು ಪೆಟ್ಟುಗಳನ್ನು ಮಾತ್ರ ಇದ್ದಂತೆ ಇಟ್ಟುಕೊಂಡೆವು. ಮೂಲದಲ್ಲಿ ಪೆಟ್ಟಿನ ಸದ್ದನ್ನು ಕೈಯಿಂದ ತಡೆದು ನಿಲ್ಲಿಸುತ್ತಾರೆ. ನಮ್ಮದರಲ್ಲಿ ಸದ್ದು ತಾನಾಗಿ ಕುಗ್ಗಿ ಅಡಗುತ್ತದೆ. ಯಾವುದನ್ನು ಮರದ ಗಿಟಾರಿನ ದೌರ್ಬಲ್ಯವೆನ್ನುತ್ತಾರೋ ಅದೇ ಇಲ್ಲಿ ಕೆಲಸಕ್ಕೆ ಬಂತು: ಕೇಳುವವನು ಪ್ರತಿಯೊಂದು ಪೆಟ್ಟೂ ಸಾಯುವುದನ್ನು ಕೇಳುತ್ತಾನೆ.

ಇನ್ನು ಹಾಡುವ ಬಗೆ. ನನ್ನ ವಾದದ ಮುಖ್ಯ ಅಂಶ ಇದು. ಈಚಿನ ವರ್ಷಗಳಲ್ಲಿ ಹೊರಬರುವ ಇಂಥ ಮರುಗಾಯನಗಳಲ್ಲಿ ಒಂದು ವಾಡಿಕೆ ಬೆಳೆದಿದೆ. ಮರದ ಗಿಟಾರು ಕೈಗೆ ಬಂದೊಡನೆ ಗಾಯಕ ಲಯವನ್ನು ಅರ್ಧಕ್ಕಿಳಿಸುತ್ತಾನೆ, ದನಿಗೆ ಉಸಿರು ತುಂಬುತ್ತಾನೆ, ಪ್ರತಿ ಸಾಲಿನ ಕೊನೆಗೂ ಒಂದು ನಿಟ್ಟುಸಿರು ಬಿಡುತ್ತಾನೆ. ಸಿಟ್ಟಿನ ಹಾಡು ದುಃಖದ ಹಾಡಾಗುತ್ತದೆ. ಕೇಳಿದವರು “ಎಷ್ಟು ಹಿತವಾಗಿದೆ!” ಎನ್ನುತ್ತಾರೆ. ಹಿತವಾಗಿರುವುದು ನಿಜ, ಆದರೆ ಸಿಟ್ಟಿಗೂ ದುಃಖಕ್ಕೂ ಇರುವ ವ್ಯತ್ಯಾಸ ಬರಿಯ ರುಚಿಯದಲ್ಲ. ದುಃಖದಲ್ಲಿ ಅಪರಾಧಿಯಿಲ್ಲ. ಯುದ್ಧವಾಯಿತು, ಜನ ಸತ್ತರು, ಅಯ್ಯೋ ಪಾಪ ಎಂದು ಕಣ್ಣೊರಸಿಕೊಂಡು ಏಳಬಹುದು. ಸಿಟ್ಟಿನಲ್ಲಿ ಅಪರಾಧಿ ಇದ್ದಾನೆ. ಹಾಡು ಅವನ ಕಡೆಗೆ ಬೆರಳು ತೋರಿಸುತ್ತದೆ. ಆರೋಪಪಟ್ಟಿಯನ್ನು ಜೋಗುಳದ ಧಾಟಿಯಲ್ಲಿ ಓದಿದರೆ ಲಾಭವಾಗುವುದು ಆರೋಪಿಗೆ! ಕಂಪನಿಯವರು ೧೯೭೦ರಲ್ಲಿ ಆಲ್ಬಮ್ಮಿನ ಹೆಸರನ್ನಷ್ಟೇ ಬದಲಿಸಿದರು. ನಿಟ್ಟುಸಿರಿನ ಗಾಯಕರು ಹಾಡಿನ ಅರ್ಥವನ್ನೇ ಬದಲಿಸಿಬಿಡುತ್ತಾರೆ.

ಆದ್ದರಿಂದ ಹಾಡಿದ ಗೆಳೆಯನಿಗೆ ನಾವು ಹೇಳಿದ್ದು ಇಷ್ಟೇ: ಮೆಲ್ಲಗೆ ಹಾಡು, ಆದರೆ ಮರುಗಬೇಡ, ಲಯ ಮೂಲದ್ದೇ ಇರಲಿ, ಮಾತುಗಳನ್ನು ಒಂದೊಂದಾಗಿ ಎದುರಿಗಿಡು. ತಣ್ಣನೆಯ ಸಿಟ್ಟು ಕಿರಿಚುವುದಿಲ್ಲವೆಂಬುದನ್ನು ಮನೆಯಲ್ಲಿ ಕಟ್ಟುನಿಟ್ಟಿನ ತಂದೆಯಿರುವವರೆಲ್ಲ ಬಲ್ಲರು.

ಧ್ವನಿಮುದ್ರಣದ ಯಂತ್ರವೆಂದರೆ ನಮ್ಮಲ್ಲಿದ್ದುದು ಒಂದು ಮೊಬೈಲ್ ಫೋನು. ಅದರಲ್ಲಿಯೂ ಈ ನಿಯಮವೇ ನಮ್ಮ ಕೈ ಹಿಡಿಯಿತು. ಫೋನನ್ನು ಗಿಟಾರಿನ ಬಾಯಿಯ ಎದುರಿಗೇ ಇಟ್ಟರೆ ಗುಂಯ್‌ಗುಡುವುದರಿಂದ, ಕತ್ತು ಒಡಲನ್ನು ಕೂಡುವ ಕಡೆಗೆ ಒಂದಡಿ ದೂರದಲ್ಲಿ ಇಟ್ಟೆವು. ಕೋಣೆಯ ಮಾರ್ದನಿ ತಗ್ಗಲೆಂದು ಹಾಸಿಗೆ ಕಂಬಳಿಗಳನ್ನು ಗೋಡೆಗೆ ಆನಿಸಿದೆವು, ಫ್ಯಾನು ನಿಲ್ಲಿಸಿದೆವು. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅನೇಕ ಫೋನುಗಳು ಮಾತನ್ನು ಹಿಡಿಯುವುದಕ್ಕೆಂದು, ಮೆಲ್ಲಗಿನ ಸದ್ದನ್ನು ತಾವಾಗಿಯೇ ಏರಿಸಿ ಜೋರಾದ ಸದ್ದನ್ನು ಇಳಿಸುತ್ತವೆ. ಮಾತಿಗೆ ಅದು ಉಪಕಾರ, ಈ ಹಾಡಿಗೆ ಮಾತ್ರ ವಿಷ. ಪೆಟ್ಟು ತಗ್ಗುತ್ತದೆ, ಮೌನದಲ್ಲಿ ಹಿಸ್ಸೆಂಬ ಸದ್ದು ತುಂಬುತ್ತದೆ, ನಡುವಣ ಅಂತರವೇ ಇಲ್ಲವಾಗುತ್ತದೆ. ಆ ಏರ್ಪಾಡನ್ನು ನಿಲ್ಲಿಸಲು ಅವಕಾಶವಿರುವ ತಂತ್ರಾಂಶದಲ್ಲಿಯೇ ಮುದ್ರಿಸಬೇಕು. ದೊಡ್ಡವರ ಮುದ್ರಣಗಳಿಗೂ ಇದೇ ಮಾತು ಸಲ್ಲುತ್ತದೆ. ‘ಮೆಟಾಲಿಕಾ’ ತಂಡ ೨೦೦೮ರಲ್ಲಿ ಹೊರತಂದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮಿನ ಸದ್ದನ್ನು ಮೊದಲಿಂದ ಕೊನೆಯವರೆಗೂ ಒಂದೇ ಸಮನೆ ಮೇಲಕ್ಕೇರಿಸಿ ಕೆಡಿಸಿದ್ದಾರೆಂದು ದೂರಿದವರು ಆ ತಂಡದ ಅಭಿಮಾನಿಗಳೇ. ಜೋರೇ ಭಾರವಾಗಿದ್ದರೆ ಅವರು ಸಂತೋಷಪಡಬೇಕಾಗಿತ್ತು!

ವಿದ್ಯುತ್ ಗಿಟಾರಿಲ್ಲದೆ ಭಾರವನ್ನು ಉಳಿಸಿದವರ ಉದಾಹರಣೆಗೂ ಕೊರತೆಯಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಂಗೀತಶಾಲೆಯಲ್ಲಿ ಕಲಿತ ನಾಲ್ವರು ‘ಅಪೊಕ್ಯಾಲಿಪ್ಟಿಕಾ’ ಎಂಬ ತಂಡ ಕಟ್ಟಿ, ೧೯೯೬ರಲ್ಲಿ ಮೆಟಾಲಿಕಾದ ಹಾಡುಗಳನ್ನು ನಾಲ್ಕು ಚೆಲ್ಲೊಗಳಲ್ಲಿ ನುಡಿಸಿದ ಆಲ್ಬಮ್ಮನ್ನು ಹೊರತಂದರು. ಡೋಲಿಲ್ಲ, ಗಾಯಕನಿಲ್ಲ, ಮಾತಿಲ್ಲ. ಕಮಾನನ್ನು ತಂತಿಯ ಮೇಲೆ ಒತ್ತಿ ಉಜ್ಜಿದ ಒರಟಿನಿಂದಲೇ ಡಿಸ್ಟಾರ್ಷನ್ನಿನ ಕೆಲಸವನ್ನು ಮಾಡಿಸಿದರು. ಅವರು ಮೂಲವನ್ನು ‘ಸಂಗೀತ ಮಾಡಲು’ ಹೊರಟವರಲ್ಲ. ಅದು ಮೊದಲೇ ಸಂಗೀತವಾಗಿತ್ತೆಂದು ಬಲ್ಲವರು.

ಕಾನೂನಿನ ಒಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಸೇರಿಸಿದ ೩೧-ಸಿ ಪ್ರಕರಣವು ಇಂಥ ಮರುಮುದ್ರಣಗಳ ವಿಷಯವಾಗಿದೆ. ಹಾಡು ಮೊದಲು ಮುದ್ರಣವಾದ ವರ್ಷ ಕಳೆದು ಐದು ವರ್ಷಗಳಾಗಿರಬೇಕು. ಹಕ್ಕುದಾರರಿಗೆ ಮುಂದಾಗಿ ತಿಳಿಸಿ ಗೌರವಧನವನ್ನು ಸಲ್ಲಿಸಬೇಕು. ಇದು ಮರುಗಾಯನವೆಂದು ಹೊದಿಕೆಯ ಮೇಲೆ ಹೇಳಬೇಕು. ವಿದ್ಯಾಸಂಸ್ಥೆಯೊಳಗೆ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರ ಎದುರಿಗೆ ಮಾತ್ರ ನಡೆಯುವ ಪ್ರದರ್ಶನಕ್ಕೆ ಕಾಯಿದೆಯಲ್ಲಿ ಬೇರೆ ವಿನಾಯಿತಿಯಿದೆ; ನಮ್ಮ ಮುದ್ರಣ ಕಾಲೇಜಿನ ಗೇಟು ದಾಟದಿರುವುದಕ್ಕೆ ಇದೇ ಕಾರಣ. ನನ್ನ ಮನಸ್ಸಿಗೆ ಹಿಡಿದದ್ದು ಆ ಪ್ರಕರಣದ ಇನ್ನೊಂದು ಷರತ್ತು. ಹಕ್ಕುದಾರರ ಒಪ್ಪಿಗೆಯಿಂದ ಹಿಂದೆ ಆಗಿರದ ಯಾವ ಮಾರ್ಪಾಟನ್ನೂ, ಮುದ್ರಣಕ್ಕೆ ತಾಂತ್ರಿಕವಾಗಿ ಅಗತ್ಯವಾದ ಹೊರತು, ಮಾಡಕೂಡದು. ಶಾಸನ ಬರೆದವರು ರಸಿಕರೋ ಅಲ್ಲವೋ, ರಸಿಕರು ಒಪ್ಪುವ ಮಾತನ್ನು ಬರೆದಿದ್ದಾರೆ: ವಾದ್ಯ ಬೇಡುವಷ್ಟು ಬದಲಿಸು, ನಿನ್ನ ಅನುಕೂಲಕ್ಕಾಗಿ ಬದಲಿಸಬೇಡ.

“ಕನ್ನಡದಲ್ಲಿ ಹಾಡುಗಳಿಲ್ಲವೆ, ಬರ್ಮಿಂಗ್‌ಹ್ಯಾಮಿನದು ನಿಮಗೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಈ ಸಂಗೀತ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ ೨೦೦೭ರ ಮಾರ್ಚಿಯಲ್ಲಿ ‘ಐರನ್ ಮೇಡನ್’ ತಂಡವೂ ೨೦೧೧ರ ಅಕ್ಟೋಬರಿನಲ್ಲಿ ಮೆಟಾಲಿಕಾವೂ ಹಾಡಿ ಹೋಗಿವೆ. ಅಲ್ಲದೆ, ಹೊಡೆದಾಟವನ್ನು ಗೊತ್ತುಮಾಡುವವರು ಒಬ್ಬರು, ಸಾಯುವವರು ಇನ್ನೊಬ್ಬರು ಎಂಬ ಮಾತು ಯಾವ ಒಂದು ಊರಿನ ಸ್ವತ್ತೂ ಅಲ್ಲ. ಸರ್ಕಾರಿ ಕಾಲೇಜಿನಲ್ಲಿ ಕಲಿಯುವ ನಮ್ಮಂಥವರ ಮನೆಗಳಿಗೆ ಅದು ಬಿಡಿಸಿ ಹೇಳಬೇಕಾದ ಮಾತಲ್ಲ.

೨೦೨೫ರ ಜುಲೈ ೫ರಂದು ಆ ನಾಲ್ವರೂ ತಮ್ಮ ಹುಟ್ಟೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಎಪ್ಪತ್ತಾರು ವರ್ಷದ ಆಸ್ಬರ್ನ್ ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದೆ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದ. ಅವರು ಮೊದಲು ಎತ್ತಿಕೊಂಡದ್ದು ಇದೇ ಹಾಡನ್ನು. ಅದೇ ತಿಂಗಳ ೨೨ರಂದು ಅವನು ತೀರಿಕೊಂಡ. ಮೈಯ ಬಲವೂ ದನಿಯ ಬಲವೂ ತಗ್ಗಿದ್ದ ಮುದುಕನೊಬ್ಬ ಕುಳಿತಲ್ಲಿಂದ ಹಾಡಿದಾಗ ಆ ಹಾಡು ಹಗುರವಾಯಿತೆಂದು ಯಾರಾದರೂ ಹೇಳಿಯಾರೆ?

ಮುಂದಿನ ವರ್ಷ ನಮ್ಮ ಕಾಲೇಜಿನಲ್ಲಿ ಇನ್ನು ಯಾರಾದರೂ ತಮಗೆ ಪ್ರಿಯವಾದ ಲೋಹದ ಹಾಡನ್ನು ಮರದ ಗಿಟಾರಿಗೆ ತಂದೇ ತರುತ್ತಾರೆ, ತರಲಿ. ವಾದ್ಯ ಅಗ್ಗವಿರಲಿ, ಫೋನು ಹಳೆಯದಿರಲಿ, ಕೋಣೆಯಲ್ಲಿ ಕಂಬಳಿ ಸಾಲದೆ ಹೋಗಲಿ. ಅದರಿಂದ ಏನೂ ಕೆಡದು. ಆದರೆ ಮೊದಲ ತಂತಿಯನ್ನು ಮೀಟುವ ಮುನ್ನ ಅವರು ಒಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಬೇಕು: ಈ ಹಾಡಿಗೆ ಯಾರ ಮೇಲೆ ಸಿಟ್ಟು? ಉತ್ತರ ಗೊತ್ತಿದ್ದರೆ ಎಷ್ಟು ಮೆಲ್ಲಗೆ ಬೇಕಾದರೂ ಹಾಡಬಹುದು.